ಎಡಪುಟದ ಮೊದಲ ಅಕ್ಷರ

ಬಲಕಾರ್ ಸಿಂಗ್‌ಗೆ ಆರು ತಿಂಗಳಿಂದ ಅಕ್ಷರ ಕಾಣುತ್ತಿರಲಿಲ್ಲ. ಹಾಸನದ ಬೈಪಾಸ್ ಪಕ್ಕದ ಪುಟ್ಟ ಗುರುದ್ವಾರದಲ್ಲಿ ಬೆಳಿಗ್ಗೆ ಗ್ರಂಥವನ್ನು ಪೀಠಕ್ಕೆ ತರುವುದು, ಓದುವುದು, ಸಂಜೆ ಬಟ್ಟೆಯಲ್ಲಿ ಸುತ್ತಿ ಮಲಗಿಸುವುದು ಅವನ ಕೆಲಸ. ಹಿಂಬದಿಯ ಕೋಣೆಯೇ ಮನೆ. "ಓದೋರಿಗೆ ಮಾತ್ರ ಕೋಣೆ" ಎಂದು ಅಧ್ಯಕ್ಷ, ಟೈರ್ ಅಂಗಡಿಯ ಜಗತಾರ್ ಸಿಂಗ್ ಆಗಾಗ ನೆನಪಿಸುತ್ತಿದ್ದ. ಹಾಗಾಗಿ ಬಲಕಾರ್ ದಿನವೂ ಗ್ರಂಥ ತೆರೆದು, ಬಾಯಿಪಾಠವಿದ್ದ ಯಾವುದೋ ಪದ್ಯ ಹೇಳಿ ಮುಗಿಸುತ್ತಿದ್ದ. ಕೇಳುವವರು ಇಬ್ಬರು ಲಾರಿ ಡ್ರೈವರುಗಳು, ಅವರಲ್ಲೊಬ್ಬ ತೂಕಡಿಸುತ್ತಿದ್ದ.

ಈ ಭಾನುವಾರ ಜಗತಾರನ ಮೊಮ್ಮಗುವಿನ ನಾಮಕರಣ. ಗ್ರಂಥ ತಾನಾಗಿ ಎಲ್ಲಿ ತೆರೆದುಕೊಳ್ಳುತ್ತದೋ ಅಲ್ಲಿಯ ಎಡಪುಟದ ಪದ್ಯದ ಮೊದಲ ಅಕ್ಷರದಿಂದ ಹೆಸರಿಡಬೇಕು. ಹಾಸನದಲ್ಲೇ ಬೆಳೆದ ಜಗತಾರನಿಗಾಗಲಿ ಅವನ ಮಗನಿಗಾಗಲಿ ಗ್ರಂಥದ ಪಂಜಾಬಿ ಲಿಪಿ ಬಾರದು. ಸೊಸೆ ದೀಪಶ್ರೀ ಚನ್ನರಾಯಪಟ್ಟಣದವಳು, ಡ್ರಾಯಿಂಗ್ ಟೀಚರ್. ಅವಳ ತಾಯಿ ನಂಜಮ್ಮ ಮೊದಲೇ ಬಂದು ಬಲಕಾರನ ಪಕ್ಕ ಕೂತಿದ್ದಳು.

"ಸಾಮಿ, ನಮ್ ಜೋಯಿಸ್ರು ಚ ಅಂದವ್ರೆ. ಇಷ್ಟ್ ದಪ್ಪ ಪುಸ್ತಕ, ಎಲ್ಲಾರ ಒಂದ್ಕಡೆ ಇದ್ದೇ ಇರ್ತದೆ. ವಸಿ ನೋಡ್ಕಳಿ."

"ಅದು ನನ್ನ ಕೈಲಿಲ್ಲಮ್ಮ."

"ನಿಮ್ ಕೈಯಾಗೇ ಅಲ್ವಾ ಇರಾದು?"

ಎಲ್ಲರೂ ಬಂದು ಕೂತ ಮೇಲೆ ಬಲಕಾರ್ ಗ್ರಂಥ ತೆರೆದ. ಬಿಳಿ ಮಂಜು. 'ಚ' ಅಂದುಬಿಟ್ಟರೆ ನಂಜಮ್ಮನಿಗೆ ಸಂತೋಷ, ಕೋಣೆಯೂ ಉಳಿಯುತ್ತದೆ. ನಾಲಿಗೆ ಆಗಲೇ ಅಂಗುಳಕ್ಕೆ ಹೋಗಿತ್ತು. ಆದರೆ ಆರು ತಿಂಗಳ ಸುಳ್ಳು ಲಾರಿಗಳ ಜೊತೆ ಹೈವೇ ಹತ್ತಿ ಹೋಗಿತ್ತು. ಇದು ಈ ಕೂಸು ಬದುಕಿರುವ ತನಕ ಇರುವಂಥದ್ದು.

"ನನಗೆ ಕಾಣ್ತಾ ಇಲ್ಲ" ಎಂದ.

"ಎಷ್ಟು ದಿನದಿಂದ?" ಜಗತಾರ್ ಕೇಳಿದ.

"ಆರು ತಿಂಗಳಾಯ್ತು."

ಬಲಕಾರ್ ದೀಪಶ್ರೀಯನ್ನು ಹತ್ತಿರ ಕರೆದು ಅಂಗೈ ಚಾಚಿದ. "ಮೊದಲ ಅಕ್ಷರ ಹೇಗಿದೆಯೋ ಹಾಗೆ ಇದರ ಮೇಲೆ ಬರಿ."

"ನಂಗೆ ಓದಕ್ಕೆ ಬರಲ್ವಲ್ಲ, ಬಾಬಾಜಿ."

"ಓದಬೇಡ. ನೋಡಿ ಬರಿ."

ಬೆರಳು ಅಂಗೈ ಮೇಲೆ ಹರಿಯಿತು. 'ಸ' ಇರಬಹುದು, 'ಮ' ಇರಬಹುದು. ಆ ಲಿಪಿಯಲ್ಲಿ ಎರಡಕ್ಕೂ ತಲೆಯ ಗೆರೆಯದಷ್ಟೇ ವ್ಯತ್ಯಾಸ.

"ಮೇಲುಗಡೆ ಮುಚ್ಚಿದೆಯಾ?"

"ಇಲ್ಲ. ತೆರ್ಕೊಂಡಿದೆ."

"ಮ" ಎಂದ.

"ಇರ್ಲಿ ಬುಡಿ" ಎಂದಳು ನಂಜಮ್ಮ. "ನಮ್ ಮನ್ಯಾಗೆ ಚ ಅಂತ್ಲೇ ಕರ್ಕತೀವಿ."

ಜಗತಾರ್ ಎದ್ದು ಬಾಗಿಲಾಚೆ ಹೋದ. ಫೋನಿನಲ್ಲಿ ಅವನ ಹರಕುಮುರುಕು ಪಂಜಾಬಿ ಒಳಗೆಲ್ಲ ಕೇಳಿಸಿತು: ಮುಂದಿನ ಭಾನುವಾರದೊಳಗೆ ಬರಲಾಗುತ್ತದೆಯೇ, ಕೋಣೆ ಖಾಲಿಯಿದೆ.

ಬಲಕಾರ್ ಕೈ ಹಿಂದೆಗೆಯಲಿಲ್ಲ. ತೆರೆದ ಪದ್ಯವನ್ನು ಪೂರ್ತಿ ಓದದೆ ಏಳುವಂತಿರಲಿಲ್ಲ. ದೀಪಶ್ರೀ ಎಣಿಸಿ, ಏಳು ಸಾಲಿದೆ ಎಂದಳು.

"ಎರಡನೇ ಅಕ್ಷರ ಬರಿ, ಮಗಳೇ."