ಇನ್ನೂರು ಗ್ರಾಂ ಜಡೆ

ಎಂಟನೇ ಕ್ಲಾಸಿಗೆ ಸೇರುವಾಗ ನನ್ನ ತೂಕ ಐವತ್ತೊಂಬತ್ತು ಕಿಲೊ. ಶಾಲೆಯ ಹುಡುಗರು ನನ್ನನ್ನು ‘ಡ್ರಮ್’ ಎಂದು ಕರೆಯುತ್ತಿದ್ದರು. ಅಶ್ಮಿತಾ ಎಂಬ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಹಾಗಿರುವಾಗ ಒಂದು ಸಂಜೆ ಕಾವೂರು ಕೆರೆಯ ಹತ್ತಿರ ಟಯರ್ ಅಂಗಡಿಯ ಮುಖೇಶಣ್ಣ ನನ್ನನ್ನು ನಿಲ್ಲಿಸಿ, ಮೇಲಿಂದ ಕೆಳಗೆ ನೋಡಿ, “ನೀನು ಹಗ್ಗ ಎಳೆಯುದಕ್ಕೆ ಬರ್ತಿಯಾ?” ಎಂದು ಕೇಳಿದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ಮುಖ ತಿರುಗಿಸಿ ಹೊರಟೆ. ಅವರು ಹಿಂದಿನಿಂದಲೇ, “ತಮಾಷೆ ಅಲ್ಲ ಮಾರಾಯ್ತಿ, ಕೊನೆಯಲ್ಲಿ ನಿಲ್ಲುದಕ್ಕೆ ನಮಗೆ ಜನ ಇಲ್ಲ,” ಎಂದರು. ನನ್ನಂಥವಳು ಒಂದು ಕಡೆ ಬೇಕಾಗಿದ್ದಾಳೆ ಎಂದು ಕೇಳಿದ್ದು ಅದೇ ಮೊದಲು.

ಮುಖೇಶಣ್ಣನ ಕ್ಲಬ್ಬಿನ ಹೆಸರು ಕೆರೆಬದಿ ಫ್ರೆಂಡ್ಸ್. ಗಂಡಸರ ಹಗ್ಗಜಗ್ಗಾಟದ ತಂಡ ಮೊದಲಿಂದಲೂ ಇತ್ತು. ಆ ವರ್ಷ ಹೈಸ್ಕೂಲು ಹುಡುಗಿಯರದ್ದೊಂದು ತಂಡ ಕಟ್ಟಿದರು. ಎಂಟು ಜನ. ಮುಂದೆ ನಿಲ್ಲುವವಳು ನಿರೀಕ್ಷಾ, ನಲವತ್ತಾರು ಕಿಲೊದ ಕಡ್ಡಿ. ಹಿಂದೆ, ಹಗ್ಗವನ್ನು ಹೆಗಲ ಮೇಲಿಂದ ಸುತ್ತಿಕೊಂಡು ನಿಲ್ಲುವವಳು ನಾನು. ಹಲಸಿನ ಮರಕ್ಕೆ ರಾಟೆ ಕಟ್ಟಿ, ಮರಳು ತುಂಬಿದ ಡ್ರಮ್ಮನ್ನು ಹಗ್ಗದಿಂದ ಎತ್ತಿ, ಇಳಿಯಲು ಬಿಡದೆ ಹಿಡಿದು ನಿಲ್ಲುವುದು ನಮ್ಮ ಪ್ರಾಕ್ಟೀಸು. ಮೊದಲ ವಾರ ಅಂಗೈ ಸುಲಿದು ಅನ್ನ ಕಲಸಲಿಕ್ಕೂ ಆಗಲಿಲ್ಲ. ನಿರೀಕ್ಷಾ ತನ್ನ ಮನೆಯಿಂದ ತೆಂಗಿನೆಣ್ಣೆ ತಂದು ನನ್ನ ಕೈಗೆ ಹಚ್ಚುತ್ತಿದ್ದಳು. ಅವಳದ್ದು ಬೇರೆ ಶಾಲೆ. ಸಂಜೆಯ ಮೈದಾನದಲ್ಲಿ ಮಾತ್ರ ನಮ್ಮ ಭೇಟಿ.

ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನಾನು ಬೇರೆಯೇ ಆಗಿದ್ದೆ. ತೂಕ ಇಳಿದಿರಲಿಲ್ಲ, ಇನ್ನೂ ಮೂರು ಕಿಲೊ ಹೆಚ್ಚಾಗಿತ್ತು. ಆದರೆ ಆ ತೂಕವನ್ನು ಹೊತ್ತುಕೊಂಡು ತಲೆ ಎತ್ತಿ ನಡೆಯಲು ಕಲಿತಿದ್ದೆ. ಡ್ರಮ್ ಎಂದ ಹುಡುಗನ ಕೈ ಹಿಡಿದು ಒಮ್ಮೆ ಎಳೆದೆ, ಅವನು ಬೆಂಚು ದಾಟಿ ಬಂದ. ಮತ್ತೆ ಯಾರೂ ಕರೆಯಲಿಲ್ಲ.

ಹಗ್ಗಜಗ್ಗಾಟದಲ್ಲಿ ಒಬ್ಬೊಬ್ಬರ ತೂಕಕ್ಕೆ ಲೆಕ್ಕವಿಲ್ಲ. ಎಂಟು ಜನರ ಒಟ್ಟು ತೂಕ ನಾನೂರು ಕಿಲೊ ದಾಟಬಾರದು, ಅಷ್ಟೆ. ಹಾಗಾಗಿ ಒಬ್ಬಳು ತಿಂದರೆ ಎಂಟು ಜನರಿಗೂ ಭಾರ. ಪಂದ್ಯದ ಹಿಂದಿನ ಸಂಜೆಯಿಂದ ಊಟವಿಲ್ಲ, ನೀರು ನಾಲಗೆ ಒದ್ದೆ ಮಾಡುವಷ್ಟು ಮಾತ್ರ. ಇದು ಕ್ಲಬ್ಬಿನ ನಿಯಮ. ಹುಡುಗಿಯರು ಹಸಿದು ಬಿದ್ದರೇನು ಗತಿ ಎಂದು ಆಗ ಯಾರೂ ಕೇಳಲಿಲ್ಲ. ನಾವಂತೂ ಅದನ್ನೇ ದೊಡ್ಡ ಹೆಮ್ಮೆ ಎಂದುಕೊಂಡಿದ್ದೆವು.

ಆ ಫೆಬ್ರವರಿಯ ಭಾನುವಾರ ಪಂದ್ಯವಿದ್ದದ್ದು ಬಿಕರ್ನಕಟ್ಟೆಯ ಆಚೆಯ ಮೈದಾನದಲ್ಲಿ. ಅವರವರ ಮನೆಯಿಂದ ಬಸ್ಸು ಹಿಡಿದು ಬರಬೇಕಿತ್ತು. ನಾನು ನಂತೂರಿನಲ್ಲಿ ಇಳಿದೆ, ಇನ್ನೊಂದು ಬಸ್ಸಿಗಾಗಿ. ಇಳಿದ ಕಡೆಯಲ್ಲೇ ಹೋಟೆಲು. ಬಿಸಿ ಬಿಸಿ ಬನ್ಸ್ ಎಣ್ಣೆಯಿಂದ ಮೇಲೆ ಬರುತ್ತಿತ್ತು. ಹಿಂದಿನ ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕಣ್ಣು ಕತ್ತಲೆ ಬಂತು ಎಂದು ಬೇಕಾದರೆ ಹೇಳಬಹುದು, ಆದರೆ ಅದು ಸುಳ್ಳು. ಹಸಿವಾಯಿತು, ತಿಂದೆ. ಮೂರು ಬನ್ಸ್. ಆಮೇಲೆ ಪಕ್ಕದಲ್ಲೇ ನಿಂತು ಎರಡು ಬೊಂಡದ ಎಳನೀರು ಕುಡಿದು, ಒಳಗಿನ ಗಂಜಿಯನ್ನೂ ಕೆರೆದು ತಿಂದೆ. ಮುಖೇಶಣ್ಣ ಹೇಗೂ ನಾನೂರಕ್ಕೆ ಅರ್ಧ ಕಿಲೊ ಬಾಕಿ ಇಟ್ಟಿರುತ್ತಾರೆ, ಆ ಬಾಕಿ ನನಗೇ ಇರಲಿ ಎಂದು ಲೆಕ್ಕ ಹಾಕಿದೆ. ನನ್ನ ಲೆಕ್ಕಕ್ಕಿಷ್ಟು ಬೆಂಕಿ ಹಾಕ.

ಮೈದಾನದಲ್ಲಿ ತೂಗಲು ಗುಜರಿ ಅಂಗಡಿಯ ದೊಡ್ಡ ತಕ್ಕಡಿ ತಂದಿದ್ದರು. ಎಂಟು ಜನರೂ ಒಟ್ಟಿಗೇ ಹತ್ತಿ, ಒಬ್ಬರ ಬೆನ್ನಿಗೊಬ್ಬರು ಅಂಟಿ ನಿಲ್ಲಬೇಕು. ನಿಂತೆವು. ನಾನೂರು ಕಿಲೊ ಒಂಬೈನೂರು ಗ್ರಾಂ.

ಮುಖೇಶಣ್ಣನ ಮುಖ ಬಿಳುಚಿತು. ನಮ್ಮನ್ನು ಪಕ್ಕಕ್ಕೆ ಕರೆದು, “ಯಾರಾದ್ರೂ ಬಾಯಿಗೆ ಎಂತಾದ್ರೂ ಹಾಕಿದ್ದೀರಾ? ಹೇಳಿ ಬಿಡಿ, ನಾನು ಬಯ್ಯುದಿಲ್ಲ,” ಎಂದರು. ಎಲ್ಲರೂ ಇಲ್ಲ ಎಂದು ತಲೆಯಾಡಿಸಿದರು. ನಾನೂ ಆಡಿಸಿದೆ. ನಿರೀಕ್ಷಾ ನನ್ನನ್ನೇ ನೋಡುತ್ತಿದ್ದಳು. ಧೈರ್ಯಕ್ಕೆ ನೋಡುತ್ತಿದ್ದಾಳೆ ಎಂದುಕೊಂಡು ನಾನು ಅವಳ ಬೆನ್ನು ತಟ್ಟಿದೆ.

ಒಂದರ ಮೇಲೊಂದು ಜಾಕೆಟ್ ಹಾಕಿಕೊಂಡು ಆ ಸುಡು ಬಿಸಿಲಿನಲ್ಲಿ ಮೈದಾನಕ್ಕೆ ಸುತ್ತು ಓಡಿದೆವು. ನಮ್ಮ ತಂಡದ ರಮ್ಲಾ ಒಮ್ಮೆ ವಾಂತಿ ಮಾಡಿಕೊಂಡಳು, ಬಂದದ್ದು ಬರೀ ಹಳದಿ ನೀರು. ಮತ್ತೆ ತೂಕ. ನಾನೂರು ಕಿಲೊ ನೂರೈವತ್ತು ಗ್ರಾಂ. ಅಂಪೈರ್ ಗಡಿಯಾರ ನೋಡಿ, ಐದು ನಿಮಿಷ ಉಂಟು, ಆಮೇಲೆ ನಿಮ್ಮ ತಂಡ ಇಲ್ಲ ಎಂದರು.

ನಿರೀಕ್ಷಾ ನೇರ ಸಂಘಟಕರ ಮೇಜಿನ ಹತ್ತಿರ ಹೋದಳು. ರಿಬ್ಬನ್ ಕತ್ತರಿಸಲು ಇಟ್ಟಿದ್ದ ಕತ್ತರಿ ತಂದು ರಮ್ಲಾಳ ಕೈಗೆ ಕೊಟ್ಟಳು. ನಿರೀಕ್ಷಾಳ ಜಡೆ ಸೊಂಟದಿಂದ ಕೆಳಗೆ ಬರುತ್ತಿತ್ತು, ನನ್ನ ಮಣಿಕಟ್ಟಿನಷ್ಟು ದಪ್ಪ. “ಕತ್ತರಿಸು,” ಎಂದಳು. ರಮ್ಲಾ ಅಳುತ್ತಾ ಕತ್ತರಿಸಿದಳು. ಅಷ್ಟು ಹೊತ್ತಿಗಾದರೂ ನಾನು ಬಾಯಿ ಬಿಡಬಹುದಿತ್ತು. ಕತ್ತರಿ ಅರ್ಧಕ್ಕೆ ಸಿಕ್ಕಿಕೊಂಡು ಎರಡು ಸಲ ಎಳೆಯಬೇಕಾಯಿತು, ಆಗಲೂ ಬಿಡಬಹುದಿತ್ತು. ಬಿಡಲಿಲ್ಲ. ನನ್ನನ್ನು ತಂಡದಿಂದ ಓಡಿಸಿದರೆ ಮತ್ತೆ ನಾನು ಡ್ರಮ್ ಆಗುತ್ತೇನೆ ಎಂಬ ಹೆದರಿಕೆ.

ಮುನ್ನೂರ ತೊಂಬತ್ತೊಂಬತ್ತು ಕಿಲೊ ಒಂಬೈನೂರೈವತ್ತು ಗ್ರಾಂ. ಇನ್ನೂರು ಗ್ರಾಂ ಇಳಿದಿತ್ತು. ಜನ ಚಪ್ಪಾಳೆ ತಟ್ಟಿದರು. ಅವತ್ತು ನಾವು ಎರಡನೇ ಬಹುಮಾನ ಗೆದ್ದೆವು. ಹೊಟ್ಟೆ ತುಂಬಿದ್ದವಳು ನಾನೊಬ್ಬಳೇ, ಹಾಗಾಗಿ ಚೆನ್ನಾಗಿಯೇ ಎಳೆದೆ. ನೋಡಲು ಬಂದಿದ್ದ ಜಿಲ್ಲಾ ತಂಡದವರು ನನ್ನ ಹೆಸರು ಬರೆದುಕೊಂಡು ಹೋದರು.

ಮರುದಿನದಿಂದ ನಿರೀಕ್ಷಾ ಪ್ರಾಕ್ಟೀಸಿಗೆ ಬರಲಿಲ್ಲ. ಜಡೆ ಕತ್ತರಿಸಿದ್ದಕ್ಕೆ ಅವಳ ಅಮ್ಮ ಬಿಡಲಿಲ್ಲವಂತೆ ಎಂದು ಯಾರೋ ಹೇಳಿದರು. ನನಗೂ ಅದೇ ಬೇಕಾಗಿತ್ತು. ಎಂಥ ಅಮ್ಮ, ಕೂದಲಿಗಾಗಿ ಮಗಳ ಆಟ ಬಿಡಿಸಿದಳಲ್ಲ ಎಂದು ನಾನೂ ನಾಲ್ಕು ಜನರ ಮುಂದೆ ಬೈದೆ. ಆ ಹೆಂಗಸನ್ನು ಬೈದಷ್ಟೂ ನನ್ನ ತಪ್ಪು ಸ್ವಲ್ಪ ಸಣ್ಣದಾದಂತೆ ಅನಿಸುತ್ತಿತ್ತು. ಅವಳ ಮನೆ ನಮ್ಮ ಮೈದಾನದಿಂದ ಹತ್ತು ನಿಮಿಷದ ದಾರಿ. ಒಂದು ದಿನವೂ ಆ ಕಡೆ ಹೋಗಲಿಲ್ಲ.

ಹತ್ತನೇ ಕ್ಲಾಸಿನಲ್ಲಿ ರಾಜ್ಯ ತಂಡಕ್ಕೆ ಆಯ್ಕೆಯಾದೆ. ಪರೀಕ್ಷೆ ಮುಗಿದು, ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟೂ ಸಿಕ್ಕಿತು. ಮೊನ್ನೆ ಕ್ಲಬ್ಬಿನವರು ಶಾಲು ಹೊದಿಸಿದರು. ಹೊಸದಾಗಿ ಸೇರಿದ ಎಂಟನೇ ಕ್ಲಾಸಿನ ಹುಡುಗಿಯರಿಗೆ ಎರಡು ಮಾತು ಹೇಳು ಎಂದರು ಮುಖೇಶಣ್ಣ. ನಾನು ಮೈಕ್ ಹಿಡಿದು, “ತಂಡ ಅಂದ್ರೆ ಒಬ್ಬರಿಗಾಗಿ ಇನ್ನೊಬ್ಬರು,” ಎಂದೆ. ಅಷ್ಟಕ್ಕೇ ಅಳು ಬಂದು ಮೈಕ್ ಕೆಳಗಿಟ್ಟೆ. ಖುಷಿಗೆ ಅಳುತ್ತಿದ್ದಾಳೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಥೂ, ನನ್ನ ಜನ್ಮಕ್ಕೆ.

ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ನೇರ ನಿರೀಕ್ಷಾಳ ಮನೆಗೆ ಹೋದೆ. ಅವಳ ಅಮ್ಮ ದೇಯಿ ಆಂಟಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ನನ್ನನ್ನು ನೋಡಿ, “ಬಾ ಮಗಾ, ಪೇಪರಿನಲ್ಲಿ ಫೋಟೋ ನೋಡಿದೆ,” ಎಂದರು.

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಬನ್ಸ್, ಬೊಂಡ, ಕತ್ತರಿ, ಎಲ್ಲ. “ತಪ್ಪು ನನ್ನದು ಆಂಟಿ. ಅವಳನ್ನು ಪುನಃ ಕಳಿಸಿ. ಕೂದಲು ಕತ್ತರಿಸಿದ್ದಕ್ಕೆ ನೀವು ಬಿಡಿಸಿದ್ದು ಅಂತ ಗೊತ್ತುಂಟು.”

ಆಂಟಿ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು. “ನಾನು ಬಿಡಿಸಿದ್ದಾ? ಅವತ್ತು ರಾತ್ರಿ ಬೈದದ್ದು ಹೌದು. ಬೆಳಿಗ್ಗೆ ಎದ್ದು, ಹೋಗ್ಲಿ, ಕೂದಲು ಬರ್ತದೆ, ನೀನು ಪ್ರಾಕ್ಟೀಸಿಗೆ ಹೋಗು ಅಂತ ಹೇಳಿದವಳೇ ನಾನು. ಅವಳೇ ಹೋಗ್ಲಿಲ್ಲ. ಬಸ್ಸಿನ ಕಿಟಕಿಯಿಂದ ಒಬ್ಬಳನ್ನು ನೋಡಿದೆ ಅಮ್ಮ, ಅವಳು ಹಿಡಿದ ಹಗ್ಗ ನಾನು ಹಿಡಿಯುದಿಲ್ಲ ಅಂದಳು. ಯಾರು ಅಂತ ಎಷ್ಟು ಕೇಳಿದ್ರೂ ಹೇಳ್ಲಿಲ್ಲ.” ಆಂಟಿ ನನ್ನ ಮುಖ ನೋಡಿದರು. “ಈಗ ಗೊತ್ತಾಯ್ತು.”

ಅಂದರೆ ನಾನು ನಂತೂರಿನಲ್ಲಿ ತಿನ್ನುವುದನ್ನು ನಿರೀಕ್ಷಾ ನೋಡಿದ್ದಳು. ಅವಳಿಗೆ ಗೊತ್ತಿತ್ತು. ತಕ್ಕಡಿ ಹತ್ತುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೆಸರು ಹೇಳದೆ ಜಡೆ ಕೊಟ್ಟಿದ್ದಳು.

ಒಳಗಿನಿಂದ ನಿರೀಕ್ಷಾ ಬಂದು ಬಾಗಿಲಲ್ಲಿ ನಿಂತಳು. ನಮ್ಮ ಮಾತೆಲ್ಲ ಅವಳಿಗೆ ಕೇಳಿಸಿತ್ತು.

“ನನ್ನದು ತಪ್ಪಾಯ್ತು,” ಎಂದೆ.

“ಮೂರು ತಿಂಗಳು ಕಾದಿದ್ದೇನೆ,” ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. “ದಿನಾ ಸಂಜೆ ಇಲ್ಲೇ ಜಗಲಿಯಲ್ಲಿ ಕೂತ್ಕೊಳ್ತಿದ್ದೆ, ನೀನು ಬರ್ತಿ ಅಂತ. ಬಂದು ಒಂದು ಮಾತು ಹೇಳಿದ್ರೆ ಸಾಕಿತ್ತು, ಮರುದಿನವೇ ಬರ್ತಿದ್ದೆ. ಆಮೇಲೆ ಕಾಯುದು ಬಿಟ್ಟೆ.”

“ಈಗ ಬಾ. ಮುಖೇಶಣ್ಣನಿಗೆ ನಾನೇ ಹೇಳ್ತೇನೆ. ಎಲ್ಲರ ಮುಂದೆ ಹೇಳ್ತೇನೆ.”

“ಹೇಳು. ಅದು ನಿನಗೆ ಬೇಕಾದದ್ದು.” ಅವಳು ಅಮ್ಮನ ಪಕ್ಕ ಕೂತು, ಎಲೆಗಳನ್ನು ತನ್ನ ಕಡೆ ಎಳೆದುಕೊಂಡಳು. “ನನಗೆ ಈಗ ಹಗ್ಗದ ಆಸೆ ಇಲ್ಲ ಅಶ್ಮಿತಾ. ನಿಜವಾಗಿ ಇಲ್ಲ.”

ಅವಳು ಬೀಡಿ ಕಟ್ಟತೊಡಗಿದಳು. ಆ ಬೆರಳುಗಳು ಮೆತ್ತಗಾಗಿದ್ದವು, ಹಗ್ಗದ ಒಂದು ಗುರುತೂ ಉಳಿದಿರಲಿಲ್ಲ. ಆಂಟಿ ನನಗೆ ಕೂತುಕೊಳ್ಳಲು ಹೇಳಿದರು. ನಾನು ಕೂತೆ, ಎದ್ದು ಹೋಗಲು ನನಗೆ ಮನಸ್ಸಾಗಲಿಲ್ಲ.