ಕೆಂಚಿಯ ಮಣ್ಣಿನ ಹಾಡಿ

ಈರನ ಸಿಟ್ಟಿಗೆ ಹೊತ್ತುಗೊತ್ತಿರಲಿಲ್ಲ. ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯಲ್ಲಿ ಬಸ್ಸು ನಿಲ್ಲಿಸದೆ ಹೋದರೂ ಸಿಟ್ಟು, ನಿಲ್ಲಿಸಿ ಕಂಡಕ್ಟರು “ಹತ್ಲಾ ಬ್ಯಾಗ್ನೆ” ಅಂದರೂ ಸಿಟ್ಟು. ಹುಟ್ಟುವಾಗಲೇ ಮೆಣಸಿನಕಾಯಿ ಅಗಿದುಕೊಂಡು ಬಂದವನು ಎಂದು ಕಾಡಂಚಿನ ಆದಿವಾಸಿಗಳ ಮತ್ತಿಮರದ ಹಾಡಿಯ ಹೆಂಗಸರು ನಗುತ್ತಿದ್ದರು. ಅವನ ತಾಯಿ ಚೆನ್ನಿ ಮಾತ್ರ ನಗುತ್ತಿರಲಿಲ್ಲ. ಆ ಸಿಟ್ಟು ಎಲ್ಲಿ ಹುಟ್ಟಿತೆಂದು ಅವಳಿಗೆ ಗೊತ್ತಿತ್ತು.

ಅದು ಹುಟ್ಟಿದ್ದು ಊರ ಶಾಲೆಯಲ್ಲಿ. ಈರ ಎರಡನೇ ಕ್ಲಾಸಿನಲ್ಲಿದ್ದಾಗ ಅಲ್ಲಿದ್ದ ಮೇಷ್ಟ್ರು ಹಾಡಿಯ ಮಕ್ಕಳಿಗೆ ಅಕ್ಷರ ತೋರಿಸಲಿಲ್ಲ, ಕೊಡ ತೋರಿಸಿದರು. ಬೆಳಗ್ಗೆ ಅವರ ಮನೆಗೆ ನೀರು ಹೊರಬೇಕು, ಮಧ್ಯಾಹ್ನ ಅವರ ಕೊಟ್ಟಿಗೆಯ ಗೋಡೆಗೆ ಮಣ್ಣು ಮೆತ್ತಬೇಕು, ಮಿಕ್ಕ ಹೊತ್ತಿನಲ್ಲಿ ಬಾಗಿಲಾಚೆ ಕೂತು ಒಳಗಿನವರು ಹೇಳುವ ಮಗ್ಗಿ ಕೇಳಬೇಕು. ಒಂದು ದಿನ ಈರ ತುಂಬಿದ ಕೊಡವನ್ನು ಮೇಷ್ಟ್ರ ಮನೆಯ ಮೆಟ್ಟಿಲ ಮೇಲೆ ಎತ್ತಿಹಾಕಿ ಒಡೆದು ಕಾಡಿಗೆ ಓಡಿದ. ಅಲ್ಲಿಗೆ ಅವನ ವಿದ್ಯೆ ಮುಗಿಯಿತು. ಸಿಟ್ಟು ಮಾತ್ರ ಅವನ ಜೊತೆಯಲ್ಲೇ ಬೆಳೆಯಿತು, ಅದಕ್ಕೂ ಮೀಸೆ ಬಂತು.

ಆ ಮೇಷ್ಟ್ರು ಎಂದೋ ವರ್ಗವಾಗಿ ಹೋಗಿದ್ದರು. ಈಗ, ಎಪ್ಪತ್ತೊಂದನೇ ಇಸವಿಯಲ್ಲಿ, ಅಲ್ಲಿಗೆ ವೀರಭದ್ರಸ್ವಾಮಿ ಎಂಬ ಹೊಸ ಮೇಷ್ಟ್ರು ಬಂದಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಹಳೇ ಕೊಡೆ. ತಾವೇ ಹಾಡಿಗೆ ನಡೆದು ಬಂದು, ಗುಡಿಸಲ ಮುಂದೆ ನಿಂತು, ಈರನ ತಂಗಿ ಕೆಂಚಿಯನ್ನು ಶಾಲೆಗೆ ಕಳಿಸಿ ಎಂದು ಕೇಳಿದ್ದರು. ಹಾಡಿಯವರೆಲ್ಲ “ಬುದ್ದಿ, ಬುದ್ದಿ” ಎಂದು ಕೈಕಟ್ಟಿ ನಿಂತಿದ್ದಾಗ ಈರನೊಬ್ಬ ಮೇಷ್ಟ್ರ ಮುಖ ನೋಡಿಯೇ ಹೇಳಿದ್ದ.

“ಓದು ಬರಹ ಕಲ್ಸೋದಾದ್ರೆ ಕಳಿಸ್ತೀವಿ. ಬ್ಯಾರೆ ಕೆಲ್ಸಕ್ಕೆ ನಮ್ಮ ಮಕ್ಳು ಸಿಕ್ಕಾಕಿಲ್ಲ.”

ಈಗ ಅದೇ ಕೆಂಚಿ ಸಂಜೆ ಮನೆಗೆ ಬಂದವಳು ಮೊಣಕೈವರೆಗೆ ಮಣ್ಣಾಗಿದ್ದಳು. ಲಂಗದ ಅಂಚು ಒದ್ದೆ. ಮೂಗಿನ ಮೇಲೂ ಒಂದು ಬೊಟ್ಟು ಕೆಸರು.

“ಏನ್ ಕೂಸೆ ಇದು?” ಎಂದ ಈರ.

“ಮಣ್ಣು.”

“ಮಣ್ಣು ಅನ್ನೋದು ನಂಗೂ ಕಾಣ್ತದೆ. ಎಲ್ಲೀದು?”

“ಇಸ್ಕೂಲ್ದು. ನಾನು ಬಾವಿಯಿಂದ ನೀರು ತಂದೆ. ಮೇಷ್ಟ್ರು ಉಯ್ಯಿ ಅಂದ್ರು, ಉಯ್ದೆ. ಆಮ್ಯಾಕೆ ತುಳ್ದು. ನಾಳೀಕೂ ಅದೆ.” ಅವಳಿಗೆ ಇನ್ನೂ ಹೇಳುವುದಿತ್ತು. ಈರನ ಕಿವಿ ಅಷ್ಟರಲ್ಲೇ ಮುಚ್ಚಿಹೋಗಿತ್ತು. ನೀರು, ಮಣ್ಣು, ಮೇಷ್ಟ್ರು. ಈ ಮೂರು ಮಾತು ಒಟ್ಟಿಗೆ ಕೇಳಿದ ಮೇಲೆ ಹಾಡಿಯವನಿಗೆ ನಾಲ್ಕನೆಯದು ಬೇಕಾಗುವುದಿಲ್ಲ.

ಬೆಳಗ್ಗೆ ಕೆಂಚಿ ಶಾಲೆಗೆ ಹೋದ ಸ್ವಲ್ಪ ಹೊತ್ತಿಗೆ ಅವನೂ ಎದ್ದ.

“ಕೇಳ್ಬುಟ್ಟು ಮಾತಾಡ್ಲಾ ಮಗ,” ಎಂದಳು ಚೆನ್ನಿ.

“ಕೇಳೋದೇನದೆ? ಕೊಡ ಬದ್ಲಾಗಿಲ್ಲ. ಹೊರ್ಸೋನು ಬದ್ಲಾಗವ್ನೆ, ಅಷ್ಟೆ.”

ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ಕೆಸರಿನಲ್ಲಿ ಕೂತಿದ್ದರು. ನಡುವೆ ಮಣ್ಣಿನ ದಿಬ್ಬ, ಕಾಲುವೆ, ಕಡ್ಡಿ ನೆಟ್ಟ ಗಿಡಗಳು. ಪಂಚೆ ಮೇಲಕ್ಕೆ ಕಟ್ಟಿದ್ದ ಮೇಷ್ಟ್ರ ವಿಭೂತಿಗೂ ಕೆಸರು ಹತ್ತಿತ್ತು. ಊರ ಯಜಮಾನ ನಂಜಣ್ಣನವರ ಮೊಮ್ಮಗಳು ಗುರುಶಾಂತಿ, ರೇಷ್ಮೆ ಟೇಪು ಕಟ್ಟಿದ ಎರಡು ಜಡೆಯ ಹುಡುಗಿ, ಎರಡು ಕೈಯಲ್ಲೂ ಮಣ್ಣಿನ ಉಂಡೆ ಹಿಡಿದಿದ್ದಳು. ಇಷ್ಟೆಲ್ಲ ಈರನ ಕಣ್ಣಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವನು ಕಂಡದ್ದು ಕೆಂಚಿಯ ಸೊಂಟದ ಮೇಲಿದ್ದ ಕೊಡವನ್ನು.

“ಬಾಪ್ಪಾ ಈರ,” ಎಂದರು ಮೇಷ್ಟ್ರು. “ಒಳ್ಳೇ ಹೊತ್ತಿಗೆ ಬಂದೆ. ಮಣ್ಣಲ್ಲಿ ಊರಿನ ನಕ್ಷೆ ಮಾಡ್ತಿದ್ದೀವಿ. ನಿಮ್ಮ ಹಾಡೀಲಿ ಬಾಗಿಲೆಲ್ಲ ಯಾವ ಕಡೆಗಿವೆ ಅಂತ ಇವರೊಳಗೆ ದೊಡ್ಡ ಜಗಳ.”

“ಜಗಳ ನನ್ನ ಜೊತೆ ಆಡಿ ಮೇಷ್ಟ್ರೇ. ನಾನೇನು ಅಂದಿದ್ದೆ, ನೀವೇನು ಮಾಡ್ತಿದ್ದೀರಿ?”

“ಅವಳೊಬ್ಳೇ ಅಲ್ಲ ಕಣಣ್ಣ,” ಗುರುಶಾಂತಿ ಮಧ್ಯೆ ಬಾಯಿ ಹಾಕಿದಳು. “ಸರದಿ ಪ್ರಕಾರ. ಬೆಳಗ್ಗೆ ನಾನೂ ಹೊತ್ತೆ, ಮೇಷ್ಟ್ರೂ ಹೊತ್ರು. ಮೇಷ್ಟ್ರು ಅರ್ಧ ಚೆಲ್ಬುಟ್ರು.”

ಮಕ್ಕಳು ನಕ್ಕವು. ಮಾತು ಈರನಿಗೆ ಕೇಳಿಸಿತು. ಆದರೆ ಇಳಿಜಾರಿನಲ್ಲಿ ಹೊರಟ ಗಾಡಿಯನ್ನು ಎತ್ತು ನಿಲ್ಲಿಸೀತೆ? ಅವನು ಕೆಂಚಿಯ ಸೊಂಟದಿಂದ ಕೊಡ ಕಿತ್ತು ಕೆಳಗಿಟ್ಟು, ಅವಳ ರಟ್ಟೆ ಹಿಡಿದು ಹೊರಟ. ಕೆಂಚಿ ಅಳಲಿಲ್ಲ. ತಿರುಗಿ ತಿರುಗಿ ಆ ಮಣ್ಣಿನ ಊರನ್ನೇ ನೋಡುತ್ತಿದ್ದಳು. ಅದರ ಒಂದು ಮೂಲೆಯಲ್ಲಿ, ಕಾಡಿನ ಕಡ್ಡಿಗಳ ಪಕ್ಕ, ಒಂದಿಷ್ಟು ಜಾಗ ಖಾಲಿಯಿತ್ತು.

“ನನ್ನ ಹಾಡಿ ಇನ್ನೂ ಆಗಿಲ್ಲ ಅಣ್ಣ,” ಎಂದಳು ದಾರಿಯಲ್ಲಿ.

“ಬಾಯ್ಮುಚ್ಕೊಂಡು ಬಾ.”

ಮನೆಗೆ ಬಂದು ತಾಯಿಗೆ ತೀರ್ಮಾನ ಹೇಳಿದ. “ಅಂಕಯ್ಯ ಮೇಸ್ತ್ರಿ ನಾಳೆ ಬತ್ತಾನೆ. ಕೊಡಗಿನ ಕಾಪಿ ತೋಟಕ್ಕೆ ನಾನು ಓಗ್ತೀನಿ, ಇವಳ್ನೂ ಕರ್ಕೊಂಡೋಗ್ತೀನಿ. ಮಣ್ಣು ಹೊರೋದೇ ಆದ್ರೆ ಕೂಲಿಗಾದ್ರೂ ಹೊರ್ಲಿ.”

ಚೆನ್ನಿ ಒಲೆಯ ಮುಂದಿನಿಂದ ಏಳಲಿಲ್ಲ. “ನಿನ್ನ ಸಿಟ್ಟಿಗೆ ಅವಳ ಕಾಲು ಯಾಕ್ಲಾ ಕಟ್ತೀಯೆ?” ಎಂದಳು ಅಷ್ಟೆ.

ಮರುದಿನ ಈರ ಗುಡಿಸಲ ನೆರಳಲ್ಲಿ ಕೂತು ಮಚ್ಚು ಮಸೆಯುತ್ತಿದ್ದ. ಮೇಸ್ತ್ರಿ ಬರುವ ಹೊತ್ತಾಗಿರಲಿಲ್ಲ. ಮತ್ತಿಮರದ ಕೆಳಗೆ ಕೆಂಚಿ ನೆಲ ಗುಡಿಸಿ, ನೀರು ಚಿಮುಕಿಸಿ, ಮಣ್ಣು ಕಲಸುತ್ತಿದ್ದಳು. ಶಾಲೆ ತಪ್ಪಿದರೆ ಏನಂತೆ, ತನ್ನ ಪಾಡಿಗೆ ಇಲ್ಲೇ ಮಾಡುತ್ತಿದ್ದಳು. ಶಾಲೆಯ ಮುಖ ನೋಡದ ಹಾಡಿಯ ಮಕ್ಕಳೆಲ್ಲ ಸುತ್ತ ಸೇರಿದ್ದವು.

“ಸುಮ್ನೆ ತುಳೀಬಾರ್ದು. ಹಾಡ್ಕೊಂಡು ತುಳೀಬೇಕು,” ಎಂದು ರಾಗ ತೆಗೆದಳು. ಅದು ಹಾಡಿಯದೇ ಪದ, ಜೇನು ಕೀಳಲು ಹೋಗುವಾಗ ಹೇಳುವ ಪದ. ಮೇಷ್ಟ್ರು ಇದನ್ನು ಅವಳಿಂದಲೇ ಕೇಳಿ ಊರ ಮಕ್ಕಳಿಗೆಲ್ಲ ಕಲಿಸಿದ್ದಾರಂತೆ, ನಂಜಣ್ಣನವರ ಮೊಮ್ಮಗಳು ಈಗ ದನ ಹಟ್ಟಿಗೆ ಕೂಡುವಾಗಲೂ ಅದನ್ನೇ ಹೇಳುತ್ತಾಳಂತೆ. ಈರನ ಮಚ್ಚು ಮಸೆಗಲ್ಲಿನ ಮೇಲೆ ನಿಧಾನವಾಯಿತು.

ಹಳ್ಳ ಹಾಡಿಗೆ ಎಡಕ್ಕೋ ಬಲಕ್ಕೋ ಎಂದು ಮಕ್ಕಳಲ್ಲಿ ಜಗಳ ಎದ್ದಿತು. ಒಬ್ಬ ಮಣ್ಣು ಎಸೆದ. ಕೆಂಚಿ ಬೈಯಲಿಲ್ಲ. “ಒಬ್ಬೊಬ್ರೇ ಹೇಳಿ. ಅವ್ನು ಹೇಳೋವಾಗ ನೀನು ಕೇಳು. ಆಮ್ಯಾಕೆ ಎಲ್ರೂ ಓಗಿ ನೋಡ್ಕೊಂಡು ಬರಾಣ.” ಎಲ್ಲರೂ ಓಡಿಹೋಗಿ ನೋಡಿ ಬಂದರು. ಎಸೆದವನು ತಾನೇ ಸೋತೆನೆಂದು ನಗುತ್ತ ಹಳ್ಳವನ್ನು ಬಲಕ್ಕೆ ತಿರುಗಿಸಿದ. ಬಳ್ಳಿಯೊಂದನ್ನು ಗಂಟು ಗಂಟಾಗಿ ಕಟ್ಟಿಕೊಂಡು ಗುಡಿಸಲಿಂದ ಗುಡಿಸಲಿಗೆ ಅಳೆದರು. ಕೊನೆಗೆ ಕೆಂಚಿ, ಜಗಲಿಯಲ್ಲಿ ತೂಕಡಿಸುತ್ತಿದ್ದ ಮುದುಕ ಸಿದ್ದನ ಮುಂದೆ ಹೋಗಿ ಕೂತಳು.

“ತಾತ, ನೀನು ಹುಟ್ಟಿದ ಹಾಡಿ ಎಲ್ಲದೆ?”

ಸಿದ್ದ ಕಣ್ಣು ಬಿಟ್ಟ. ಇದನ್ನು ಅವನ ಹತ್ತಿರ ಯಾರೂ ಕೇಳಿರಲಿಲ್ಲ. ಎದ್ದು, ಕೋಲೂರಿ ಬಂದು, ಮಕ್ಕಳು ನೆಟ್ಟ ಕಡ್ಡಿಯ ಕಾಡಿನ ಒಳಗೆ ದೂರದಲ್ಲಿ ಒಂದು ಕಲ್ಲಿಟ್ಟ. ಇಟ್ಟು ಬಹಳ ಹೊತ್ತು ಅಲ್ಲೇ ಕುಕ್ಕರಿಸಿದ್ದ.

ಈರ ಎದ್ದು ಬಂದ. ಬಂದರೂ ಗಂಟು ಮೋರೆ ಬಿಡಲಿಲ್ಲ. “ಎಲ್ಲ ಸರಿ. ಓದು ಎಲ್ಲಿ? ಅಕ್ಷರ ಎಲ್ಲಿ?”

ಕೆಂಚಿ ಕಡ್ಡಿ ತೆಗೆದುಕೊಂಡು ಹಳ್ಳದ ಮುಂದೆ ಏನೋ ಬರೆದಳು, ಮರದ ಮುಂದೆ ಏನೋ ಬರೆದಳು. ಆಮೇಲೆ ಒಂದು ಗುಡಿಸಲ ಮುಂದೆ ಸಣ್ಣದಾಗಿ ಬರೆದಳು.

“ಇದೇನು?”

“ನೀನು. ಈ, ರ.”

ಎರಡೇ ಅಕ್ಷರ. ಈರ ಅವನ್ನೇ ನೋಡಿದ. ಒಂದು ಕೊಡ ಇಳಿಸುವಷ್ಟು ಹೊತ್ತಿನಲ್ಲಿ ತೋರಿಸಿಬಿಡಬಹುದಾಗಿತ್ತಲ್ಲ ಇದನ್ನು, ಆ ಹಳೇ ಮೇಷ್ಟ್ರು. ಸಿಟ್ಟು ಬುಸುಗುಟ್ಟಿಕೊಂಡೇ ಬಂತು. ಆದರೆ ಈ ಸಲ ಅದರ ಬೆನ್ನಿಗೇ ಇನ್ನೊಂದು ಬಂತು, ಅದಕ್ಕೆ ಅವನಲ್ಲಿ ಹೆಸರಿರಲಿಲ್ಲ. ತಂಗಿಯ ಮೂಗಿನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದ.

ಅಷ್ಟರಲ್ಲಿ ಅಂಕಯ್ಯ ಮೇಸ್ತ್ರಿ ಬಂದ. ಎಲೆಯಡಿಕೆ ಬಾಯಿ, ಕಂಕುಳಲ್ಲಿ ಕೊಡೆ. ಪ್ರತಿ ವರ್ಷ ಕಾಫಿ ಹಣ್ಣಾಗುವ ಹೊತ್ತಿಗೆ ಹಾಡಿಗಳಿಂದ ಲಾರಿ ತುಂಬಿಸಿಕೊಂಡು ಹೋಗುವವನು ಅವನೇ.

“ನಡೀರ್ಲಾ, ರೋಡ್ನಲ್ಲಿ ಲಾರಿ ನಿಂತದೆ. ಈ ಕೂಸೂ ಬತ್ತದಾ? ಬರ್ಲಿ ಬರ್ಲಿ. ಸಣ್ಣ ಕೈಯಿ, ಕೆಳಗೆ ಬಿದ್ದ ಹಣ್ಣು ಆಯಕ್ಕೆ ಚಂದ.”

ಕೆಂಚಿ ಎದ್ದು ಕೈ ಒರೆಸಿಕೊಂಡಳು. “ಮೇಸ್ತ್ರಿಗಳೇ, ತೋಟ ಎಲ್ಲದೆ? ಇದ್ರಲ್ಲಿ ತೋರ್ಸಿ.”

“ಅತ್ಲಾಗೆ,” ಎಂದು ಅಂಕಯ್ಯ ಕೊಡೆ ಬೀಸಿದ.

“ಅತ್ಲಾಗೆ ಅಂದ್ರೆ? ಇದು ಹ್ಯಾಂಡ್‌ಪೋಸ್ಟು. ಇಲ್ಲಿಂದ ಹುಣಸೂರು. ಆಮ್ಯಾಕೆ ಪಿರಿಯಾಪಟ್ಣದ ದಾರಿಯಾ, ಗೋಣಿಕೊಪ್ಪದ ದಾರಿಯಾ? ಬೆಳಗ್ಗೆ ಬಿಸ್ಲು ಲಾರಿಗೆ ಯಾವ ಕಡೆಯಿಂದ ಹೊಡೀತದೆ? ನಮ್ಮಣ್ಣ ಒಬ್ನೇ ವಾಪಸ್ ಬರ್ಬೇಕಾದ್ರೆ ಎಲ್ಲಿ ಬಸ್ಸು ಅತ್ಬೇಕು?”

“ಅಯ್ ನಿನ್ನ. ದೊರೆಸಾನಿ ಮೇಸ್ತ್ರಿಗೇ ಪರೀಕ್ಸೆ ಮಡಗವ್ಳೆ,” ಎಂದು ಅಂಕಯ್ಯ ನಕ್ಕ. ಹಾಡಿಯಲ್ಲಿ ಯಾರೂ ನಗಲಿಲ್ಲ.

ಈರನಿಗೆ ಹೋದ ವರ್ಷ ನೆನಪಾಯಿತು. ಇವನದೇ ಲಾರಿಯ ಟಾರ್ಪಾಲಿನ ಕತ್ತಲೆಯಲ್ಲಿ ಹೋದದ್ದು. ಎಲ್ಲಿಗೆ ಎಂದು ಕೇಳಲಿಲ್ಲ, ಕೇಳುವುದು ಉಂಟೆಂದು ಗೊತ್ತಿರಲಿಲ್ಲ. ತೋಟದಲ್ಲಿ ಜ್ವರ ಹಿಡಿದು, ಹಾಡಿಗೆ ಹೋಗುತ್ತೇನೆಂದು ನಡೆದು ನಡೆದು, ದಾರಿ ಕೇಳಿದವರೆಲ್ಲ ಮಲಯಾಳದಲ್ಲಿ ಉತ್ತರ ಕೊಟ್ಟಾಗಲೇ ತಾನು ಬೆನ್ನು ಮಾಡಬೇಕಾದ ಕಡೆಗೆ ಮುಖ ಮಾಡಿದ್ದೇನೆಂದು ತಿಳಿದದ್ದು. ಅಂದು ತನಗೆ ಇಲ್ಲದೆ ಹೋದ ಮಾತೆಲ್ಲ ಈ ಸಣ್ಣ ಕೂಸಿನ ಬಾಯಲ್ಲಿ ನಿಂತು ಆಡುತ್ತಿತ್ತು. ಅದೂ ಕೂಗದೆ, ಸಿಟ್ಟಿಲ್ಲದೆ, ತಲೆ ತಗ್ಗಿಸದೆ.

“ಕೂಸು ಕೇಳ್ದುದ್ಕೆ ಏಳು ಮೇಸ್ತ್ರಿ,” ಎಂದ ಸಿದ್ದ. “ಏಳ್ಬುಟ್ಟು ಆಮ್ಯಾಕೆ ಲಾರಿ ಮಾತು.”

ಅಂಕಯ್ಯ ಸುತ್ತ ನೋಡಿದ. ಬೇರೆ ದಾರಿಯಿಲ್ಲದೆ ಎಲೆಯಡಿಕೆ ಉಗಿದು ಬಂದು, ಕುಕ್ಕರುಗಾಲಲ್ಲಿ ಕೂತು, ಕೊಡೆಯ ತುದಿಯಿಂದ ಹುಣಸೂರಿನಾಚೆಗೆ ಗೆರೆ ಎಳೆಯತೊಡಗಿದ. “ಇಲ್ಲೊಂದು ಹೊಳೆ ಬತ್ತದೆ,” ಎಂದ. “ಹೊಳೇಗೆ ನೀಲಿ ಕಲ್ಲು ಮಡಗಿ,” ಎಂದಳು ಕೆಂಚಿ. ಹೊರಡಬೇಕೆಂದಿದ್ದ ಆಳುಗಳೆಲ್ಲ ಬಗ್ಗಿ ನೋಡಿ, ಬಸ್ಸು ಎಲ್ಲಿ ನಿಲ್ಲುತ್ತದೆಂದು ತಾವೂ ಕೇಳಿದರು.

ಗೆರೆ ಮುಗಿದ ಮೇಲೆ ಈರ ಹೇಳಿದ. “ಇವಳು ಬರಾಕಿಲ್ಲ ಮೇಸ್ತ್ರಿ. ಇಸ್ಕೂಲದೆ. ನಾನೂ ನಾಳೆ ಒಂದು ಕೆಲ್ಸ ಮುಗಿಸ್ಕೊಂಡು ಬಸ್ಸಿಗೇ ಬತ್ತೀನಿ. ದಾರಿ ಗೊತ್ತಾತಲ್ಲ.”

ಗುಡಿಸಲ ಬಾಗಿಲಲ್ಲಿ ಚೆನ್ನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಬೆಳಗ್ಗೆ ಶಾಲೆಯ ಅಂಗಳಕ್ಕೆ ಕೆಂಚಿಯ ಹಿಂದೆ ಈರನೂ ಬಂದ. ತಲೆಯ ಮೇಲೆ ಒಂದು ಮಂಕರಿ ತುಂಬ ಮಣ್ಣು. ಮೇಷ್ಟ್ರು ಮೊನ್ನೆಯ ಮಾತು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಮಂಕರಿ ಇಳಿಸಿದ.

“ಹಾಡಿ ಮಣ್ಣು ಕೆಂಪು,” ಎಂದ. “ಊರ ಮಣ್ಣಲ್ಲಿ ಮಾಡಿದ್ರೆ ಅದು ನಮ್ಮ ಹಾಡಿ ಆಗಾಕಿಲ್ಲ. ಬಾಗ್ಲು ಎಲ್ಲಾ ಹೊತ್ತು ಹುಟ್ಟೋ ಕಡೆಗೆ.”

“ನಾನು ಹೇಳ್ಲಿಲ್ವಾ?” ಎಂದು ಕೆಂಚಿ ಗುರುಶಾಂತಿಯನ್ನು ಮೊಣಕೈಯಿಂದ ತಿವಿದಳು.

“ಆಯ್ತು ಬುಡೇ, ಗೆದ್ದೆ,” ಎಂದು ಗುರುಶಾಂತಿ ಮಂಕರಿಗೆ ಕೈ ಹಾಕಿದಳು. ಖಾಲಿ ಮೂಲೆಯಲ್ಲಿ ಇಬ್ಬರೂ ಕೂತು ಕೆಂಪು ಗುಡಿಸಲು ಕಟ್ಟತೊಡಗಿದರು. ಊರ ಮನೆಗಳಷ್ಟೇ ಎತ್ತರ ಇರಲಿ ಎಂದು ಮೇಷ್ಟ್ರು ಅಂದರೆ, ಅಷ್ಟು ಎತ್ತರ ಇಲ್ಲ, ಇರೋ ಹಾಗೇ ಇರಲಿ ಎಂದಳು ಕೆಂಚಿ.

ಹಾಡಿ ಎದ್ದಿತು. ಮತ್ತಿಮರಕ್ಕೆ ಮತ್ತಿಯದೇ ಕಡ್ಡಿ ನೆಟ್ಟರು. ಸಿದ್ದನ ಕಲ್ಲೂ ಕಾಡಿನೊಳಗೆ ತನ್ನ ಜಾಗಕ್ಕೆ ಬಂತು. ಹಳ್ಳ ಮಾತ್ರ ಒಣಗಿ ಬಿದ್ದಿತ್ತು.

“ಯಾರ ಸರದಿ?” ಎಂದರು ಮೇಷ್ಟ್ರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಈರ ಬಾವಿಕಟ್ಟೆಗೆ ಹೋದ. ಕೊಡ ಅಲ್ಲೇ ಇತ್ತು. ತುಂಬಿಸಿ ಹೆಗಲಿಗೇರಿಸಿಕೊಂಡು, ಶಾಲೆಯ ಅಂಗಳವನ್ನು ನಡು ಮಧ್ಯದಲ್ಲೇ ದಾಟಿ ಬಂದು, ಒಂದು ತೊಟ್ಟೂ ಚೆಲ್ಲದಂತೆ ಬಗ್ಗಿ, ಕಾಡಿನ ತಲೆಯಿಂದ ನೀರು ಬಿಟ್ಟ. ನೀರು ಸಿದ್ದನ ಕಲ್ಲನ್ನು ಬಳಸಿ, ಕೆಂಪು ಹಾಡಿಯ ಪಕ್ಕದಲ್ಲೇ ಬಲಕ್ಕೆ ತಿರುಗಿ, ಊರ ಕಡೆಗೆ ಹರಿಯಿತು.

“ಮೇಷ್ಟ್ರೇ,” ಎಂದ ಈರ, ಕೊಡ ಕೆಳಗಿಡದೆ. “ಇವಳು ನನ್ನ ತಂಗಿ.”

“ಗೊತ್ತಲ್ಲಪ್ಪ,” ಎಂದರು ಮೇಷ್ಟ್ರು.

“ಗೊತ್ತು ಅಂತ ಗೊತ್ತು. ಆದ್ರೂ ಹೇಳ್ದೆ.”