ಹೊರಗೆ ಬಾರದ ಕಾರುಗಳು

ಇಪ್ಪತ್ತೆರಡನೆಯ ಆಟದ ಕಾರನ್ನು ಇಟ್ಟ ಮೇಲೆ ಉಮಾಶ್ರೀಗೆ ತನ್ನ ತಪ್ಪು ಕಣ್ಣಿಗೆ ಬಿತ್ತು. ಮೂಲೆಯ ಕೆಂಪು ಕಾರನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿದಳು. ಅದು ಹಿಂದಿನ ಕಾರಿಗೆ ತಾಗಿ ನಿಂತಿತು. ಪಕ್ಕದ್ದನ್ನು ತಳ್ಳಿದಳು. ಅದಕ್ಕೂ ದಾರಿಯಿಲ್ಲ.

ಜೆ.ಪಿ. ನಗರದ ಈ ಶೆಡ್ಡಿನಲ್ಲಿ ನಂದಕುಮಾರ್ ಆಟದ ರೈಲುಗಳಿಗೆ ಪುಟ್ಟ ಊರು ಕಟ್ಟಿಕೊಡುತ್ತಿದ್ದರು. ಹಳಿ, ಸ್ಟೇಷನ್ನು ಅವರದು. ರಸ್ತೆ, ಪಾರ್ಕಿಂಗು ಉಮಾಶ್ರೀಯದು. ಸ್ಯಾಂಡ್‌ಪೇಪರ್ ಅಂಟಿಸಿ, ಬೂದು ಬಣ್ಣ ಬಳಿದು, ಸೀಮೆಸುಣ್ಣದ ಪುಡಿ ಉಜ್ಜಿದರೆ ಸವೆದ ಟಾರು ರಸ್ತೆ. ಕಾರು ನಿಲ್ಲುವ ಕಡೆ ಎಣ್ಣೆ ಸೋರಿದ ಕಲೆ ಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಿಟಿಎಂನಲ್ಲಿ ಬಸ್ಸಿಗೆ ಕಾಯುವಾಗ ನೋಡಿಕೊಂಡಿದ್ದಳು.

ಕಾರಿನೊಳಗೆ ಮಾತ್ರ ಎಂದೂ ಕೂತಿರಲಿಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನ ಕಟಿಂಗ್ ಸೆಕ್ಷನ್ನಿನಲ್ಲಿ ನಾಲ್ಕು ವರ್ಷ ಬಟ್ಟೆಯ ಮೇಲೆ ತೋಳು, ಕಾಲರು, ಬೆನ್ನಿನ ಅಚ್ಚುಗಳನ್ನು ಒತ್ತೊತ್ತಾಗಿ ಜೋಡಿಸಿದ್ದಳು. ನಡುವೆ ಎರಡು ಬೆರಳು ಜಾಗ ಉಳಿದರೂ ಬಟ್ಟೆ ದಂಡವೆಂದು ಬೈಗುಳ. ಇಲ್ಲಿಯೂ ಕೈ ಹಾಗೆಯೇ ಒತ್ತೊತ್ತಾಗಿ ಬಿಳಿ ಗೆರೆ ಎಳೆದು ಕಾರು ಜೋಡಿಸಿತ್ತು.

"ಹದಿನಾಲ್ಕು ಹಿಡಿಸು ಅಂದ್ರೆ ಇಪ್ಪತ್ತೆರಡು ಹಿಡಿಸ್ತಿದೀಯಲ್ಲಮ್ಮ, ಸಖತ್!" ಎಂದು ಬೆಳಿಗ್ಗೆ ಹಿಗ್ಗಿದ ನಂದಕುಮಾರ್, ಈ ರೈಲಿನ ಊರನ್ನು ಮಾಡಿಸುತ್ತಿದ್ದ ಕೋಣನಕುಂಟೆಯ ಚಿಕ್ಕಬೈರಪ್ಪನವರಿಗೆ ಫೋನಿನಲ್ಲೇ ಹೇಳಿಬಿಟ್ಟಿದ್ದರು. ಈಗ ಅವರನ್ನು ಕರೆತರಲು ಹೋಗಿದ್ದರು. ಇವತ್ತಿಗೆ ಉಮಾಶ್ರೀ ಸೇರಿ ಎರಡು ತಿಂಗಳು. ಇರಿಸಿಕೊಳ್ಳುವುದೋ ಕಳಿಸುವುದೋ ಇವತ್ತೇ ಹೇಳುತ್ತೇನೆಂದಿದ್ದರು. ಕಳಿಸಿದರೆ ಮತ್ತೆ ಬೊಮ್ಮನಹಳ್ಳಿ. ಮತ್ತೆ ಬೆನ್ನಿಗೆ ತಾಗುವಂತೆ ಬಂದು ನಿಲ್ಲುವ ಆ ಸೂಪರ್‌ವೈಸರ್, ಎದುರಿಗೆ ಹೊಟ್ಟೆಗೆ ಒತ್ತುವ ಕಟಿಂಗ್ ಟೇಬಲ್ಲು.

ಸುಮ್ಮನಿದ್ದರಾಯಿತು. ಆಟದ ಕಾರನ್ನು ಹೊರಗೆ ತೆಗೆಯುವವರು ಯಾರು? ಆದರೂ ಆ ಕೆಂಪು ಕಾರನ್ನು ನೋಡಿದಷ್ಟೂ ಆ ಟೇಬಲ್ಲಿನ ಮುಂದೆ ತಾನೇ ಸಿಕ್ಕಿಕೊಂಡು ನಿಂತಂತಾಯಿತು.

ಕಾರುಗಳನ್ನು ಬದಿಗಿಟ್ಟು, ಹಾಳೆಯ ಕೆಳಗೆ ಬ್ಲೇಡು ತೂರಿಸಿ ಇಡೀ ಪಾರ್ಕಿಂಗನ್ನು ಕಿತ್ತಳು.

ಅವರಿಬ್ಬರೂ ಬಂದಾಗ ಸ್ಟೇಷನ್ನಿನ ಪಕ್ಕ ಬರೀ ಪ್ಲೈವುಡ್ಡು. ಉಮಾಶ್ರೀ ಹೊಸ ಹಾಳೆಗೆ ಬಣ್ಣ ಬಳಿಯುತ್ತಿದ್ದಳು.

"ಎಲ್ಲಮ್ಮಾ ಪಾರ್ಕಿಂಗು?" ನಂದಕುಮಾರರ ಮುಖ ಇಳಿದುಹೋಯಿತು.

ಉಮಾಶ್ರೀ ಕುಂಚ ಕೆಳಗಿಟ್ಟಳು. "ತಪ್ಪಾತ್ರಿ ಸರ್. ಒಳಗಿನ ಕಾರು ಹೊರಗ ಬರಂಗಿಲ್ಲ. ಅದಕ್ಕ ಕಿತ್ತೀನ್ರಿ."

ಚಿಕ್ಕಬೈರಪ್ಪ ಗಹಗಹಿಸಿ ನಕ್ಕರು. "ನಮ್ ಬಿಲ್ಡಿಂಗ್ ಕೆಳಗೆ ದಿನಾ ಬೆಳಗ್ಗೆ ಇದೇ ರಾಮಾಯಣ ಕಣಮ್ಮ! ಕಾರ್ ತೆಗೀರಿ, ಕಾರ್ ತೆಗೀರಿ ಅಂತ ಬಾಡಿಗೆಯೋರು ಬಡ್ಕೋತಾರೆ. ಆಟದಲ್ಲಾದ್ರೂ ಆರಾಮಾಗಿ ಓಡಾಡ್ಲಿ ಬಿಡು. ಹದಿನಾಲ್ಕೇ ಸಾಕು."

ನಂದಕುಮಾರ್ ನಗಲಿಲ್ಲ. ಅವರನ್ನು ಗೇಟಿನವರೆಗೂ ಬಿಟ್ಟು ಬಂದು ಅವಳೆದುರು ನಿಂತರು.

"ಕಸ್ಟಮರ್ ಮುಂದೆ ಮಾನ ಕಳೆದ್ಯಲ್ಲಮ್ಮ. ನಂಗೊಂದು ಫೋನ್ ಮಾಡೋಕಾಗ್ಲಿಲ್ವಾ?"

"ಅಂಜಿಕಿ ಆತ್ರಿ."

"ಕೀಳೋಕೆ ಆಗ್ಲಿಲ್ವಾ ಅಂಜಿಕೆ?"

ನಂದಕುಮಾರ್ ಅವಳು ಕಿತ್ತಿಟ್ಟಿದ್ದ ಹಾಳೆಯನ್ನು ಎತ್ತಿ, ಎಣ್ಣೆ ಕಲೆಗಳ ಮೇಲೆ ಹೆಬ್ಬೆರಳು ಆಡಿಸಿದರು. "ಇನ್ನೊಂದು ತಿಂಗಳು ನೋಡೋಣ," ಎಂದು ಹಳಿಯ ಕಡೆ ಹೋದರು.

ಮತ್ತೊಂದು ತಿಂಗಳು ಇದೇ ಭಯ. ಉಮಾಶ್ರೀ ಹಾಳೆಯನ್ನು ಫ್ಯಾನಿನ ಕೆಳಗೆ ಒಣಗಿಸಿದಳು. ಒಂದು ಗೆರೆಯನ್ನೂ ಎಳೆಯದೆ ಮೂಲೆಯಲ್ಲಿ ಕೆಂಪು ಕಾರನ್ನಿಟ್ಟು, ಹಿಂದಕ್ಕೆ ತಂದು, ತಿರುಗಿಸಿ, ರಸ್ತೆಯವರೆಗೂ ಓಡಿಸಿದಳು. ಆಮೇಲೆ ಬಿಳಿ ಬಣ್ಣದ ಡಬ್ಬಿ ತೆರೆದಳು.